ಶಾಲಾ ಅಂಕಿ-ಅಂಶಗಳ ಬಳಕೆ

ಮಕ್ಕಳ ಹಾಜರಿ ಮತ್ತು ಕಲಿಕೆಯ ಮಾಹಿತಿಯನ್ನು ಶಿಕ್ಷಕರೇ ಕೂತು ಓದಿ, ಅದರಂತೆ ಪಾಠವನ್ನು ತಿದ್ದಿಕೊಳ್ಳುವ ರೂಢಿ. ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಂಥ ಊರಿನ ಸರ್ಕಾರಿ ಶಾಲೆಯ ಅಂಕಿಗಳು ಕ್ಲಸ್ಟರ್ (ಸುತ್ತಲಿನ ಶಾಲೆಗಳ ಗುಂಪು), ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ, ಹಾವೇರಿಯ ಉಪನಿರ್ದೇಶಕರ ಕಚೇರಿ ದಾಟಿ ಬೆಂಗಳೂರು ಮುಟ್ಟುತ್ತವೆ. ಮೇಲೆ ಹೋದಷ್ಟೇ ಸಲೀಸಾಗಿ ಅವು ತರಗತಿಗೆ ಇಳಿದು ಬರಬೇಕು; ಈ ರೂಢಿಯ ತಿರುಳೇ ಅದು.

ರಾಜ್ಯದಲ್ಲಿ ಇದರ ಒಳ್ಳೆಯ ಮಾದರಿ ಕಂಪ್ಯೂಟರಿಗಿಂತ ಮೊದಲೇ ಗೋಡೆಯ ಮೇಲಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಪಾಠಗಳು ಕಲಿಕಾ ಏಣಿಯ ಮೈಲಿಗಲ್ಲುಗಳಾಗಿರುತ್ತವೆ. ಯಾವ ಮಗು ಎಲ್ಲಿಗೆ ಬಂದಿದೆ ಎಂಬುದು ಗೋಡೆಗೆ ಹಾಕಿದ ‘ಪ್ರಗತಿ ನೋಟ’ದಲ್ಲಿ ಗುರುತಾಗುತ್ತದೆ. ಶಿಕ್ಷಕರ ನೆರವು ಬೇಕಾದವರು ಒಂದು ‘ತಟ್ಟೆ’ಯಲ್ಲಿ, ಅಂದರೆ ಗುಂಪಿನಲ್ಲಿ, ಗೆಳೆಯರ ನೆರವಿನಿಂದ ಕಲಿಯುವವರು ಇನ್ನೊಂದರಲ್ಲಿ, ತಾವಾಗಿ ಕಲಿಯುವವರು ಮತ್ತೊಂದರಲ್ಲಿ ಕೂರುತ್ತಾರೆ. ಇಲ್ಲಿ ಮಾಹಿತಿ ಬರೆದವರೇ ಅದನ್ನು ಬಳಸುವವರು.

ಆಮೇಲೆ ವ್ಯವಸ್ಥೆ ದೊಡ್ಡದಾಯಿತು. 2005-06ರಲ್ಲಿ ಶಾಲಾ ಗುಣಮಟ್ಟ ಮೌಲ್ಯಾಂಕನ ಸಂಸ್ಥೆ ಬಂತು. 2012-13ರಲ್ಲಿ ಯು-ಡೈಸ್ ಎಂಬ ಮಾಹಿತಿ ವ್ಯವಸ್ಥೆ ಶಾಲಾ ಮಾಹಿತಿಯನ್ನು ಒಂದೇ ನಮೂನೆಗೆ ತಂದಿತು. ಈಗ ‘ಸ್ಯಾಟ್ಸ್’ ತಂತ್ರಾಂಶದಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆಯಿದೆ. ಎಫ್‌ಎ (ರೂಪಣಾತ್ಮಕ), ಎಸ್‌ಎ (ಸಂಕಲನಾತ್ಮಕ) ಮೌಲ್ಯಮಾಪನಗಳ ಅಂಕಗಳ ಎಂಟ್ರಿ ಅಲ್ಲೇ ಆಗುತ್ತದೆ. ಎಂಟ್ರಿ ಮುಗಿಸುವ ಗಡಿಬಿಡಿಯಲ್ಲಿ ಅಂಕಿಯನ್ನು ಓದುವ ಹೊತ್ತೇ ಉಳಿಯದಿದ್ದರೆ ಅದು ಶಿಕ್ಷಕರ ಉದಾಸೀನವಲ್ಲ, ಕೆಲಸದ ಹೊರೆ.

ಓದಬೇಕಾದದ್ದು ಅಂಕವನ್ನಷ್ಟೇ ಅಲ್ಲ, ತಪ್ಪನ್ನು. ವರ್ಷಾರಂಭದ ಸೇತುಬಂಧ ಪರೀಕ್ಷೆಯಲ್ಲಿ 52ರಿಂದ 27 ಕಳೆಯುವ ಲೆಕ್ಕವಿದೆ ಎನ್ನಿ. ಮಗು 35 ಎಂದು ಬರೆದಿದೆ. ಎರಡರಲ್ಲಿ ಏಳು ಹೋಗದೆಂದು ಅದು ಏಳರಲ್ಲಿ ಎರಡನ್ನು ಕಳೆದಿದೆ. ಖಾಲಿ ಬಿಟ್ಟ ಮಗುವಿಗೂ ಇದಕ್ಕೂ ಸಿಗುವುದು ಒಂದೇ ಸೊನ್ನೆ. ಕಲಿಸಬೇಕಾದದ್ದು ಮಾತ್ರ ಬೇರೆ. ಈ ಮಗುವಿಗೆ ಕಡ್ಡಿಯ ಕಟ್ಟೊಂದನ್ನು ಬಿಚ್ಚಿ, ಹತ್ತು ಬಿಡಿಯಾಗಿಸಿ ತೋರಿಸಬೇಕು. ಇಂಥ ತಪ್ಪುಗಳನ್ನು ಗುಂಪು ಮಾಡಿ ನೋಡಿದರೆ ಮುಂದಿನ ವಾರದ ಪಾಠ ಯಾವುದೆಂದು ತಾನಾಗಿ ತಿಳಿಯುತ್ತದೆ.

ತಪ್ಪುಗಳನ್ನು ಹೀಗೆ ಕೂಡಿ ಓದಲು ಕ್ಲಸ್ಟರ್‌ನ ಶಿಕ್ಷಕರ ಸಮಾಲೋಚನಾ ಸಭೆ ಸಹಜ ಜಾಗ. ಅಲ್ಲಿ ಶಾಲೆ-ಶಾಲೆಗಳ ಶೇಕಡಾವಾರು ಹೋಲಿಕೆ ಮುಂದಾದರೆ ಶಿಕ್ಷಕರು ಅಂಜುತ್ತಾರೆ, ಅಂಜಿಕೆಯಲ್ಲಿ ಅಂಕಗಳು ಉಬ್ಬುತ್ತವೆ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಉತ್ತರ ಪತ್ರಿಕೆಗಳನ್ನೇ ಮುಂದಿಟ್ಟುಕೊಂಡು ಕೂತರೆ ಮಾತು ಮಗುವಿನ ಕಡೆ ತಿರುಗುತ್ತದೆ. ಪಾಲಕರಿರುವ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೂ ಹಾಜರಿ ಪುಸ್ತಕ ಬರಬೇಕು: ಸುಗ್ಗಿಯಲ್ಲಿ ಯಾರು ಶಾಲೆ ತಪ್ಪಿಸಿದರು, ಯಾಕೆ ಎಂಬುದು ಪಾಲಕರಿಗೇ ಚೆನ್ನಾಗಿ ಗೊತ್ತಿರುತ್ತದೆ.