ಊಸರ ಭೂಮಿ ಮತ್ತು ನೀಲಿಹಸಿರು ಪಾಚಿ: ರಾಮ್ ನಗೀನಾ ಸಿಂಗ್ ಅವರ ಸಂಶೋಧನೆಯ ಮರುಪರಿಶೀಲನೆ

ಗೊಬ್ಬರ ಕಾಣದ ಭತ್ತದ ಗದ್ದೆಯೂ ವರ್ಷ ವರ್ಷ ಒಂದಿಷ್ಟು ಫಸಲು ಕೊಡುವುದಕ್ಕೆ ನಿಂತ ನೀರಿನ ನೀಲಿಹಸಿರು ಪಾಚಿಗಳೇ ಮುಖ್ಯ ಕಾರಣವೆಂದು ವಿಜ್ಞಾನಿ ಪಿ. ಕೆ. ಡೇ 1939ರಲ್ಲಿ ಪ್ರತಿಪಾದಿಸಿದರು. ಇಂದು ಸಯನೋಬ್ಯಾಕ್ಟೀರಿಯಾ ಎಂದು ಕರೆಯಲಾಗುವ ಈ ಜೀವಿಗಳಲ್ಲಿ ಹಲವು ಗಾಳಿಯ ಸಾರಜನಕವನ್ನು ಸಸ್ಯಗಳು ಹೀರಿಕೊಳ್ಳಬಲ್ಲ ರೂಪಕ್ಕೆ ತರುತ್ತವೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ರಾಮ್ ನಗೀನಾ ಸಿಂಗ್ ಈ ಗುಣವನ್ನು ಉತ್ತರ ಪ್ರದೇಶ ಹಾಗೂ ಬಿಹಾರಗಳ ಗದ್ದೆಗಳ ಪಾಚಿಗಳಲ್ಲಿ ಪರೀಕ್ಷಿಸಿ, ಅಲ್ಲಿಂದ ಮುಂದೆ ಯಾವ ಬೆಳೆಯೂ ಏಳದ ಊಸರ ಭೂಮಿಯತ್ತ ತಿರುಗಿದರು.

ಊಸರವೆಂದರೆ ಕನ್ನಡ ನಾಡಿನ ರೈತರು ಚೌಳು ಎನ್ನುವ ನೆಲ. ಸೋಡಿಯಂ ಅಂಶ ಜೇಡಿಕಣಗಳಿಗೆ ಅಂಟಿಕೊಂಡು ಮಣ್ಣಿನ ರಚನೆಯನ್ನೇ ಕೆಡಿಸುವುದರಿಂದ ನೀರು ಕೆಳಗಿಳಿಯದೆ ನಿಲ್ಲುತ್ತದೆ, ಬೇಸಿಗೆಯಲ್ಲಿ ಮೇಲೆ ಬಿಳಿ ಉಪ್ಪು ಹೆಪ್ಪುಗಟ್ಟುತ್ತದೆ. 1950ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಸಿಂಗ್ ಅವರ ವಿಧಾನ ಈ ದೋಷವನ್ನೇ ಬಳಸಿಕೊಂಡಿತು: ಸುತ್ತ ಬದು ಕಟ್ಟಿ ಮಳೆನೀರನ್ನು ನಿಲ್ಲಿಸಿದರೆ ಪಾಚಿ ದಟ್ಟವಾಗಿ ಹಬ್ಬಿ, ನೀರು ಆರಿದಾಗ ಮಣ್ಣಿನ ಮೇಲೆ ಪೊರೆಯಾಗಿ ಉಳಿದು, ಮುಂದೆ ಕೊಳೆತು ಸಾವಯವ ಅಂಶವಾಗುತ್ತದೆ. ವರ್ಷ ವರ್ಷವೂ ಹೀಗೆ ಮಾಡಿದಾಗ ಮಣ್ಣಿನ ಪಿಎಚ್ 9.5ರಿಂದ 7.6ಕ್ಕೆ ಇಳಿಯಿತೆಂದು ಅವರು ವರದಿ ಮಾಡಿದರು. ಪಾಚಿಯ ಎಳೆಯ ನಡುವೆ ಅಲ್ಲಲ್ಲಿ ಕಾಣುವ ದಪ್ಪಗೋಡೆಯ ಹೆಟೆರೊಸಿಸ್ಟ್ ಕೋಶಗಳೇ ಸಾರಜನಕ ಸ್ಥಿರೀಕರಣದ ತಾಣವೆಂಬ ವಿಚಾರ ಮಂಡನೆಯಾದದ್ದು 1968ರಲ್ಲಿ. ಸಿಂಗ್ ಅವರ ಪ್ರಮುಖ ಗ್ರಂಥ 1961ರಲ್ಲೇ, ಅಂದರೆ ಈ ವಿಚಾರ ಮಂಡನೆಯಾಗುವ ಮೊದಲೇ, ಹೊರಬಂದಿತ್ತು ಎಂಬುದನ್ನು ಗಮನಿಸಬೇಕು.

ಆದರೆ ಪಾಚಿಗೆ ಬೆಳಕು ಬೇಕು, ಆದ್ದರಿಂದ ಅದು ಮೇಲ್ಪದರ ಬಿಟ್ಟು ಕೆಳಗಿಳಿಯದು. ಬೇರು ಹರಡುವ ಆಳದಲ್ಲಿ ಕುಳಿತ ಸೋಡಿಯಮ್ಮನ್ನು ಹೊರದೂಡಲು ಕ್ಯಾಲ್ಸಿಯಂ ಬೇಕು, ಅದನ್ನು ಒದಗಿಸುವುದು ಜಿಪ್ಸಂ. ಪಾಚಿಯ ಪ್ರಭಾವ ಬಹಳ ಸೀಮಿತವೆಂದು ಸಂಶೋಧಕರಾದ ರಾವ್ ಮತ್ತು ಬರ್ನ್ಸ್ 1991ರಲ್ಲಿ ತೋರಿಸಿದ ಮೇಲೆ, ಪಾಚಿಯೊಂದೇ ಊಸರವನ್ನು ಪೂರ್ಣ ಸುಧಾರಿಸುತ್ತದೆಂಬ ನಂಬಿಕೆಯನ್ನು ಸಮರ್ಥಿಸುವುದು ಕಷ್ಟ.

ಸಿಂಗ್ ಅವರ ಕೆಲಸದ ಗಟ್ಟಿ ಫಲವನ್ನು, ಹಾಗಾಗಿ, ಊಸರಕ್ಕಿಂತ ಭತ್ತದ ಗದ್ದೆಯಲ್ಲೇ ಹುಡುಕುವುದು ಸೂಕ್ತ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಜಿ. ಎಸ್. ವೆಂಕಟರಾಮನ್ ಈ ಹಾದಿಯನ್ನು ಮುಂದುವರಿಸಿ, ರೈತರೇ ಆಳವಿಲ್ಲದ ತೊಟ್ಟಿಯಲ್ಲಿ ಮಣ್ಣು, ನೀರು ಮತ್ತು ಸೂಪರ್ ಫಾಸ್ಫೇಟ್ ಬೆರೆಸಿ ಪಾಚಿ ಬೆಳೆಸುವ ಕ್ರಮವನ್ನು ರೂಢಿಗೆ ತಂದರು. ಬಿಸಿಲಿಗೆ ಒಣಗಿ ಹಕ್ಕಳೆಯಾದ ಆ ಪಾಚಿಯನ್ನು ನಾಟಿಯಾದ ಸುಮಾರು ಒಂದು ವಾರಕ್ಕೆ, ಹೆಕ್ಟೇರಿಗೆ 10 ಕಿಲೊದಂತೆ, ನಿಂತ ನೀರಿನ ಮೇಲೆ ಎರಚಬೇಕೆಂಬುದು ಶಿಫಾರಸು.