ಸೈಕಲ್ ದೀಪ

ಸೈಕಲ್ ದೀಪವು ರಾತ್ರಿ ಹಾಗೂ ಮಬ್ಬುಗತ್ತಲೆಯ ವೇಳೆಯಲ್ಲಿ ಸವಾರನಿಗೆ ದಾರಿಯನ್ನೂ ಇತರರಿಗೆ ಸವಾರನನ್ನೂ ತೋರಿಸಲು ಸೈಕಲ್ಲಿಗೆ ಅಳವಡಿಸುವ ದೀಪ. ಮುಂದೆ ಬಿಳಿ, ಹಿಂದೆ ಕೆಂಪು ದೀಪವಿರುವುದು ಬಹುತೇಕ ದೇಶಗಳಲ್ಲಿ ರೂಢಿ. ಬಹುಕಾಲ ಇದರ ಕೊರತೆ ಮಂದ ಬೆಳಕೇ ಆಗಿತ್ತು. ಎಲ್‌ಇಡಿ ದೀಪಗಳು ಬಂದ ಮೇಲೆ ಪ್ರಖರ ಬೆಳಕು ಎದುರಿನವರ ಕಣ್ಣು ಕುಕ್ಕುವುದು ಹೊಸ ಅಪಾಯವಾಗಿ ಪರಿಣಮಿಸಿದೆ.

ಇತಿಹಾಸ

ಮೊದಲಿಗೆ ಎಣ್ಣೆಯ ದೀಪಗಳೂ ಅನಂತರ ಕಾರ್ಬೈಡ್ ದೀಪಗಳೂ ಬಳಕೆಯಲ್ಲಿದ್ದವು. ಕಾರ್ಬೈಡಿನ ಮೇಲೆ ಹನಿಹನಿಯಾಗಿ ನೀರು ಬಿದ್ದಾಗ ಹುಟ್ಟುವ ಅಸಿಟಲೀನ್ ಅನಿಲವೇ ಅದರ ಇಂಧನ. ಆಮೇಲೆ ಬಂದದ್ದು ಟಯರಿಗೆ ಒತ್ತಿಕೊಂಡು ತಿರುಗುವ ಡೈನಮೋ. ಕರ್ನಾಟಕದ ಹಳೆಯ ತಲೆಮಾರಿನವರಿಗೆ ಇದು ಚಿರಪರಿಚಿತ: ಹಚ್ಚಿದೊಡನೆ ಪೆಡಲ್ ಭಾರವಾಗುತ್ತಿತ್ತು, ಸೈಕಲ್ ನಿಂತರೆ ದೀಪವೂ ಆರುತ್ತಿತ್ತು. ಸಾಮಾನ್ಯ ಡೈನಮೋ 6 ವೋಲ್ಟ್, 3 ವ್ಯಾಟ್ ಸಾಮರ್ಥ್ಯದ್ದು, ಇದರಲ್ಲಿ 2.4 ವ್ಯಾಟ್ ಮುಂದಿನ ಬಲ್ಬಿಗೆ, 0.6 ವ್ಯಾಟ್ ಹಿಂದಿನದಕ್ಕೆ. ಈಗಿನ ಎಲ್‌ಇಡಿ ಅಷ್ಟೇ ವಿದ್ಯುತ್ತಿನಲ್ಲಿ ಹಲವು ಪಟ್ಟು ಹೆಚ್ಚು ಬೆಳಕು ನೀಡುತ್ತದೆ.

ಬೆಳಕಿನ ಹಂಚಿಕೆ

ಅಂಗಡಿಯ ಪೆಟ್ಟಿಗೆಗಳ ಮೇಲೆ ದಪ್ಪಕ್ಷರದಲ್ಲಿ ಕಾಣುವ ಲ್ಯೂಮೆನ್ ಸಂಖ್ಯೆಯು ದೀಪದಿಂದ ಹೊರಡುವ ಒಟ್ಟು ಬೆಳಕಿನ ಅಳತೆ. ಆ ಬೆಳಕು ಎಲ್ಲಿಗೆ ಹೋಗುತ್ತದೆಂಬುದನ್ನು ಅದು ತಿಳಿಸದು. ಟಾರ್ಚಿನಂತೆ ದುಂಡಗೆ ಬೆಳಕು ಚೆಲ್ಲುವ ದೀಪವನ್ನು ನೆಲಕ್ಕೆ ಸಮಾನಾಂತರವಾಗಿ ಕಟ್ಟಿದರೆ ಸುಮಾರು ಅರ್ಧದಷ್ಟು ಬೆಳಕು ರಸ್ತೆಗೆ ಬೀಳದೆ ಮರದ ಕೊಂಬೆಗಳಿಗೂ ಎದುರಿನವರ ಮುಖಕ್ಕೂ ವ್ಯರ್ಥವಾಗುತ್ತದೆ. ರಸ್ತೆಯ ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ ಲಕ್ಸ್. ಜರ್ಮನಿಯ ನಿಯಮವು ಈ ಮಾನವನ್ನೇ ಅವಲಂಬಿಸಿದ್ದು, ಒಂದು ಗೆರೆಯಿಂದ ಮೇಲಕ್ಕೆ ಬೀಳುವ ಬೆಳಕಿಗೆ ಕಟ್ಟುನಿಟ್ಟಾದ ಮಿತಿಯನ್ನೂ ವಿಧಿಸುತ್ತದೆ. ಹೀಗಾಗಿ ಅಲ್ಲಿ ಮಾನ್ಯತೆ ಪಡೆದ ದೀಪಗಳ ಬೆಳಕು ಮೇಲ್ತುದಿಯಲ್ಲಿ ಕತ್ತರಿಸಿದಂತೆ ಇರುತ್ತದೆ.

ಕಣ್ಣಿನ ಮೇಲೆ ಪರಿಣಾಮ

ಪ್ರಖರ ಬೆಳಕು ಕಣ್ಣಿನೊಳಗೆ ಚದುರಿ ದೃಶ್ಯದ ಮೇಲೆ ತೆಳು ಪರದೆಯಂತೆ ಹರಡುತ್ತದೆ. ಆ ಕ್ಷಣದಲ್ಲಿ ದೀಪದ ಪಕ್ಕದಲ್ಲಿ ನಡೆಯುವ ಪಾದಚಾರಿಯೂ ರಸ್ತೆಯ ಗುಂಡಿಯೂ ಕಾಣದಂತಾಗುತ್ತವೆ. ವಯಸ್ಸಾದಂತೆ ಕಣ್ಣಿನ ಮಸೂರ ಮಬ್ಬಾಗುವುದರಿಂದ ವೃದ್ಧರಿಗೆ ಈ ತೊಂದರೆ ಹೆಚ್ಚು. ಬೆಳಕು ಸರಿದುಹೋದ ಮೇಲೂ ಕಣ್ಣು ಕತ್ತಲೆಗೆ ಮತ್ತೆ ಹೊಂದಿಕೊಳ್ಳಲು ಸಮಯ ಬೇಕು. ಪೂರ್ಣ ಹೊಂದಾಣಿಕೆಗೆ ಅರ್ಧ ಗಂಟೆಯಷ್ಟು ಹಿಡಿಯಬಹುದು. ತನ್ನ ರಕ್ಷಣೆಗೆಂದು ಸವಾರ ಹಚ್ಚಿದ ದೀಪವೇ ಎದುರಿನ ಚಾಲಕನನ್ನು ಕುರುಡಾಗಿಸಿದರೆ, ಅಪಾಯ ಮರಳಿ ಸವಾರನ ಮೇಲೆಯೇ ಬರಬಹುದು.

ಅಳವಡಿಕೆ

ಜರ್ಮನಿಯ ಹಿಂದಿನ ನಿಯಮದಲ್ಲಿದ್ದ ಸರಳ ಸೂತ್ರ ಇಂದಿಗೂ ಉಪಯುಕ್ತ: 5 ಮೀಟರ್ ದೂರದಲ್ಲಿ ಬೆಳಕಿನ ಮಧ್ಯಭಾಗವು ದೀಪದ ಎತ್ತರದ ಅರ್ಧಕ್ಕೆ ಇಳಿದಿರಬೇಕು. ದೀಪ 80 ಸೆಂಟಿಮೀಟರ್ ಎತ್ತರದಲ್ಲಿದ್ದರೆ, ಅಷ್ಟು ದೂರದ ಗೋಡೆಯ ಮೇಲೆ 40 ಸೆಂಟಿಮೀಟರಿಗೆ ಗುರುತು ಹಾಕಿ ದೀಪವನ್ನು ಬಾಗಿಸಿದರಾಯಿತು. ಗುಂಡಿಗಳ ರಸ್ತೆಯಲ್ಲಿ ಹಿಡಿಕೆ ಸಡಿಲಗೊಂಡು ದೀಪ ಮೇಲಕ್ಕೆ ತಿರುಗುವುದುಂಟು, ಆಗಾಗ ಪರೀಕ್ಷಿಸಬೇಕು. ಶಿರಸ್ತ್ರಾಣಕ್ಕೆ ಕಟ್ಟಿದ ದೀಪ ಕಾಡುದಾರಿಗೆ ಯೋಗ್ಯ. ವಾಹನ ಸಂಚಾರದಲ್ಲಿ ಸವಾರ ನೋಡಿದವರ ಕಣ್ಣಿಗೆಲ್ಲ ಅದು ನೇರವಾಗಿ ಬಡಿಯುತ್ತದೆ. ಹಿಂದಿನ ದೀಪ ಚೀಲ, ಮಳೆಯಂಗಿ ಅಥವಾ ಸೆರಗಿನಿಂದ ಮರೆಯಾಗದಂತೆ ನೋಡಿಕೊಳ್ಳುವುದು ಅಗತ್ಯ.

ಮಿನುಗುವ ದೀಪ

ಈ ವಿಷಯದಲ್ಲಿ ದೇಶಗಳ ಕಾನೂನು ಒಂದೇ ತೆರನಾಗಿಲ್ಲ. ಬ್ರಿಟನ್ 2005ರಲ್ಲಿ ನಿಮಿಷಕ್ಕೆ 60ರಿಂದ 240 ಬಾರಿ ಮಿನುಗುವ ದೀಪಗಳಿಗೆ ಅನುಮತಿ ನೀಡಿತು. ಜರ್ಮನಿಯಲ್ಲಿ ಅವು ನಿಷಿದ್ಧ. ಮಿನುಗು ಬೇಗ ಗಮನ ಸೆಳೆಯುವುದೇನೋ ನಿಜ. ಆದರೆ ಕತ್ತಲಲ್ಲಿ ಅದರ ದೂರವನ್ನೂ ವೇಗವನ್ನೂ ಅಂದಾಜಿಸುವುದು ಕಷ್ಟ. ಆದ್ದರಿಂದ ಬೀದಿದೀಪವಿಲ್ಲದ ರಸ್ತೆಯಲ್ಲಿ ಸ್ಥಿರವಾಗಿ ಉರಿಯುವ ದೀಪವೇ ಮೇಲು.

ಪ್ರತಿಫಲಕಗಳು

ಪ್ರತಿಫಲಕಕ್ಕೆ ಬ್ಯಾಟರಿ ಬೇಡ, ಆದರೆ ಇನ್ನೊಂದು ವಾಹನದ ಬೆಳಕು ಬೀಳದೆ ಅದು ಕಾಣದು. ಹಾಗಾಗಿ ಅದು ದೀಪಕ್ಕೆ ಬದಲಿಯಲ್ಲ. ಪೆಡಲಿನ ಹಳದಿ ಪ್ರತಿಫಲಕಗಳು ಮಾತ್ರ ವಿಶೇಷ: ಮೇಲೆ ಕೆಳಗೆ ಆಡುವ ಆ ಎರಡು ಚುಕ್ಕೆಗಳಿಂದ, ಮುಂದೆ ಹೋಗುತ್ತಿರುವುದು ಸೈಕಲ್ ಎಂದು ಹಿಂದಿನ ಚಾಲಕನಿಗೆ ದೂರದಿಂದಲೇ ತಿಳಿಯುತ್ತದೆ.