ಆಕ್ವಾಪೋನಿಕ್ಸ್

ಮೀನಿನ ತೊಟ್ಟಿ ಮತ್ತು ತರಕಾರಿ ಪಾತಿಗಳ ನಡುವೆ ಒಂದೇ ನೀರನ್ನು ಸುತ್ತಿಸುತ್ತ ಎರಡನ್ನೂ ಬೆಳೆಯುವ, ಮಣ್ಣಿಲ್ಲದ ಬೇಸಾಯ ಪದ್ಧತಿ.

ಇದರ ಚರಿತ್ರೆಯನ್ನು ಮೆಕ್ಸಿಕೋದ ಅಜ್ಟೆಕ್ ಜನರ ಚಿನಾಂಪಾ ತೋಟಗಳಿಂದ ಆರಂಭಿಸುವುದು ರೂಢಿ. ಚೀನಾದ ಭತ್ತದ ಗದ್ದೆಗಳಲ್ಲಿ ಮೀನು ಬಿಡುವುದೂ ಹಳೆಯ ಪದ್ಧತಿಯೇ. ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಮಳೆಗಾಲದ ಕಗ್ಗ ಭತ್ತ ಕೊಯ್ದ ಮೇಲೆ ಸಿಗಡಿ, ಮೀನು ಹಿಡಿಯುತ್ತಾರೆ. ಆದರೆ ಇವನ್ನು ಆಕ್ವಾಪೋನಿಕ್ಸ್‌ನ ನೇರ ಮೂಲವೆನ್ನಲಾಗದು. ಅಲ್ಲೆಲ್ಲ ಕೊಳೆಯನ್ನು ಸಾರವಾಗಿಸುವ ಕೆಲಸ ಕೆಸರಿನದು; ಇಲ್ಲಿ ಆ ಏರ್ಪಾಟನ್ನು ಮನುಷ್ಯನೇ ಕಟ್ಟಬೇಕು.

ಈ ವಿದ್ಯೆ ಹುಟ್ಟಿದ್ದು ಮೀನು ಸಾಕುವವರ ತೊಂದರೆಯಿಂದ. ತೊಟ್ಟಿಯಲ್ಲಿ ಒತ್ತೊತ್ತಾಗಿ ಸಾಕಿದ ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಬಿಡುತ್ತದೆ. ಅದು ಹೆಚ್ಚಾದರೆ ಮೀನಿಗೇ ವಿಷ. ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಶೇಖರಗೊಂಡ ನೈಟ್ರೇಟ್ ತೆಗೆಯಲು ನೀರು ಚೆಲ್ಲುವ ಬದಲು ಗಿಡ ಬೆಳೆಸಿದರೇನು ಎಂದು 1970ರ ದಶಕದಲ್ಲಿ ಅಮೆರಿಕ, ಜರ್ಮನಿಯ ಸಂಶೋಧಕರು ಪ್ರಯೋಗಕ್ಕಿಳಿದರು. 1969ರಲ್ಲಿ ಜಾನ್ ಟಾಡ್, ನ್ಯಾನ್ಸಿ ಜ್ಯಾಕ್ ಟಾಡ್ ಮತ್ತು ವಿಲಿಯಂ ಮೆಕ್‌ಲಾರ್ನಿ ಸ್ಥಾಪಿಸಿದ ನ್ಯೂ ಆಲ್ಕೆಮಿ ಇನ್‌ಸ್ಟಿಟ್ಯೂಟ್ ಹಸಿರುಮನೆಯೊಳಗೆ ಮೀನು ಮತ್ತು ತರಕಾರಿ ಬೆಳೆದು ತೋರಿಸಿತು.

ಇದನ್ನು ಲೆಕ್ಕಾಚಾರದ ಕೃಷಿಯಾಗಿಸಿದ ಕೀರ್ತಿ ಹೆಚ್ಚಾಗಿ ವರ್ಜಿನ್ ಐಲೆಂಡ್ಸ್ ವಿಶ್ವವಿದ್ಯಾಲಯದ ಜೇಮ್ಸ್ ರಾಕೊಸಿ ಅವರಿಗೆ ಸಲ್ಲಬೇಕು. ಸಿಹಿನೀರು ಕಡಿಮೆಯಿರುವ ಸೇಂಟ್ ಕ್ರೋಯ್ ದ್ವೀಪದಲ್ಲಿ 1980ರ ದಶಕದಿಂದ ಅವರ ತಂಡ ರೂಪಿಸಿದ ಘಟಕದಲ್ಲಿ ನಾಲ್ಕು ಮೀನಿನ ತೊಟ್ಟಿಗಳು, ಆರು ಸಸ್ಯತೊಟ್ಟಿಗಳು ಇದ್ದವು. ತಿಲಾಪಿಯಾ, ಅಂದರೆ ನಮ್ಮ ಮಾರುಕಟ್ಟೆಯ ಜಿಲೇಬಿ ಮೀನು, ಬಲಿಯಲು 24 ವಾರ ಬೇಕು. ತೊಟ್ಟಿಗಳಿಗೆ ಸರದಿಯಂತೆ ಮರಿ ಬಿಟ್ಟಿದ್ದರಿಂದ ಪ್ರತಿ 6 ವಾರಕ್ಕೊಂದು ತೊಟ್ಟಿ ಕಟಾವಿಗೆ ಬರುತ್ತಿತ್ತು. ತೇಲುವ ಹಲಗೆಗಳ ಮೇಲೆ ಲೆಟ್ಯೂಸ್, ಕಾಮಕಸ್ತೂರಿ, ಬೆಂಡೆ ಬೆಳೆದವು. ಪಾತಿಯ ಪ್ರತಿ ಚದರ ಮೀಟರಿಗೆ ದಿನಕ್ಕೆ 60ರಿಂದ 100 ಗ್ರಾಂ ಮೀನಿನ ಆಹಾರ ಎಂಬ ಅವರ ಅನುಪಾತ ಇಂದಿಗೂ ಬಳಕೆಯಲ್ಲಿದೆ. ಬ್ಯಾಕ್ಟೀರಿಯಾಗಳ ಕೆಲಸದಿಂದ ನೀರು ಹುಳಿಯಾಗುತ್ತ ಹೋಗುವುದನ್ನು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮತ್ತು ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನು ಒಂದಾದ ಮೇಲೊಂದರಂತೆ ಹಾಕಿ ಸರಿದೂಗಿಸಿದರು. ಮೀನಿನ ಆಹಾರದಲ್ಲಿ ಸಾಲದ ಕ್ಯಾಲ್ಸಿಯಂ, ಪೊಟ್ಯಾಸಿಯಂ ಗಿಡಗಳಿಗೆ ಸಿಕ್ಕಿದ್ದೂ ಇದರಿಂದಲೇ. ಕಬ್ಬಿಣವನ್ನು ಮಾತ್ರ ಬೇರೆಯಾಗಿ ಕೊಡಬೇಕಾಯಿತು. ಆಕ್ವಾಪೋನಿಕ್ಸ್‌ಗೆ ಹೊರಗಿನಿಂದ ಏನೂ ಬೇಡ ಎಂಬ ಪ್ರಚಾರ ಇದರ ಮುಂದೆ ನಿಲ್ಲುವುದಿಲ್ಲ.

ಅದೇ ದಶಕದಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಮಾರ್ಕ್ ಮೆಕ್‌ಮರ್ಟ್ರಿ ಮೀನಿನ ನೀರನ್ನು ಮರಳಿನ ಪಾತಿಗೆ ಹಾಯಿಸಿ ಟೊಮೆಟೊ, ಸೌತೆ ಬೆಳೆದರು. ಮರಳೇ ಸೋಸುವ ಸಾಧನವೂ ಆಯಿತು. 1990ರ ದಶಕದಲ್ಲಿ ಮಿಸೌರಿಯ ಟಾಮ್ ಮತ್ತು ಪೌಲಾ ಸ್ಪೆರಾನಿಯೊ ದಂಪತಿ ಮರಳಿನ ಬದಲು ಜಲ್ಲಿಕಲ್ಲು ಹಾಕಿದರು. ಮನೆಯ ಹಿತ್ತಿಲಿಗೆ ಈ ಬೇಸಾಯ ಬಂದದ್ದು ಬಹುಮಟ್ಟಿಗೆ ಆ ಮಾದರಿಯಿಂದ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಸಣ್ಣ ಘಟಕಗಳಿಗಾಗಿ ವಿವರವಾದ ಕೈಪಿಡಿ ಹೊರತಂದಿತು.

ಸೊಪ್ಪಿನ ಬೆಳೆಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಪಂಪು ಮತ್ತು ಗಾಳಿಯಂತ್ರಕ್ಕೆ ಎಡೆಬಿಡದೆ ವಿದ್ಯುತ್ ಬೇಕು. ಒತ್ತಾಗಿ ಮೀನು ತುಂಬಿದ ತೊಟ್ಟಿಯಲ್ಲಿ ಗಾಳಿ ನಿಂತರೆ ಕೆಲವೇ ಗಂಟೆಗಳಲ್ಲಿ ಮೀನು ಸಾಯುತ್ತವೆ.